ಕಟಕಟ ಎನ್ನುವ ಕಾರೂ ಕಾಫಿ ಕಣದ ಸಮಾಲೋಚನೆಯೂ

ನೇರ ರಸ್ತೆಯಲ್ಲಿ ಮೌನವಾಗಿದ್ದು, ಸ್ಟೀಯರಿಂಗನ್ನು ಪೂರ್ತಿ ತಿರುಗಿಸಿದೊಡನೆ ಮುಂದಿನ ಚಕ್ರದ ಬಳಿ ‘ಕಟಕಟ’ ಎಂದರೆ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಹೊರತುದಿಯ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್ ಸವೆದಿದೆಯೆಂದೇ ಅರ್ಥ ಎಂದು ನಮ್ಮ ನಿವೃತ್ತ ಸುಬೇದಾರರು ತೀರ್ಪು ಕೊಟ್ಟರು. ಗೋಣಿಕೊಪ್ಪಕ್ಕೆ ಹೋಗಿಬರುವ ಪ್ರತಿ ತಿರುವಿನಲ್ಲೂ ಆ ಸದ್ದನ್ನು ಕೇಳುತ್ತಲೇ ಬಂದಿದ್ದ ಬೆಳೆಗಾರ ಮಿತ್ರರು ಮಾತ್ರ, ಅದು ಡಿಕ್ಕಿಯಲ್ಲಿರುವ ಖಾಲಿ ಬಾಟಲಿಗಳ ಸದ್ದಿರಬಹುದೆಂಬ ಆಸೆಯನ್ನು ಬಿಟ್ಟಿರಲಿಲ್ಲ.

“ಹಿಂದಿರುವ ಬಾಟಲಿಗಳ ಸದ್ದು ಮುಂದಿನ ಚಕ್ರದಿಂದ ಬರುವುದಕ್ಕೆ ಅವು ಭೂತವಾಗಿರಬೇಕು” ಎಂದರು ಮಾಸ್ತರರು.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಹಿಡಿತ ಸಡಿಲಿಸಿದ್ದ ದಿನಗಳವು. ಕಾರನ್ನು ಕಾಫಿ ಒಣಗಿಸುವ ಸಿಮೆಂಟು ಕಣಕ್ಕೆ ತಂದು ನಿಲ್ಲಿಸಿ ನಾಲ್ವರೂ ಬಗ್ಗಿ ನೋಡಿದೆವು. ಮುಂದಿನ ಎಡಚಕ್ರದ ಒಳಬದಿಯಲ್ಲಿ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಮಡಿಕೆಯೊಂದರ ಉದ್ದಕ್ಕೂ ಸೀಳಿತ್ತು; ಅಲ್ಲಿಂದ ಸಿಡಿದ ಗ್ರೀಸು ರಿಮ್ಮಿನ ಒಳಮೈಗೆ ಕಪ್ಪು ಬಳೆಯಂತೆ ಅಂಟಿಕೊಂಡು, ಅದರ ಮೇಲೆ ತೋಟದ ಕೆಂಪು ಕೆಸರು ಗಟ್ಟಿಯಾಗಿತ್ತು. ಸುಬೇದಾರರು ಸೀಳಿನೊಳಗಿನಿಂದ ಚಿಟಿಕೆಯಷ್ಟು ಗ್ರೀಸನ್ನು ತೆಗೆದು ಬೆಳೆಗಾರರ ಬೆರಳಿಗೇ ಹಚ್ಚಿ ಉಜ್ಜಲು ಹೇಳಿದರು. ಅದು ಮರಳಿನಂತೆ ಚರಚರ ಎಂದಿತು. ಚಕ್ರ ಎತ್ತ ತಿರುಗಿದರೂ ಒಂದೇ ವೇಗದಲ್ಲಿ ಶಕ್ತಿ ಸಾಗಿಸಬೇಕಾದ ಆ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ತೋಡಿನಲ್ಲಿ ಹೊರಳುತ್ತಿರುತ್ತವೆ. ಗ್ರೀಸು ಹೋಗಿ ಕೆಸರು ಬಂದ ಮೇಲೆ ತೋಡುಗಳಲ್ಲಿ ಗುಳಿ ಬಿದ್ದು, ಗುಂಡು ಗುಳಿ ದಾಟುವ ಸದ್ದೇ ನಮಗೆ ಕೇಳಿಸುವುದು.

“ಹಾಗಾದರೆ ಗ್ರೀಸ್ ತುಂಬಿ ಹೊಸ ಬೂಟು ತೊಡಿಸಿದರೆ ಸಾಲದೆ?” ಎಂದು ಬೆಳೆಗಾರರು ಕೇಳಿದರು.

“ಸದ್ದು ಬರುವ ಮುನ್ನವೇ ಕೇಳಿದ್ದರೆ ಸಾಕಾಗುತ್ತಿತ್ತು. ಗ್ರೀಸು ತಿಂದು ಉಕ್ಕು ಮತ್ತೆ ಬೆಳೆಯುವುದಿಲ್ಲ” ಎಂದರು ಸುಬೇದಾರರು. ಜಾಯಿಂಟನ್ನಷ್ಟೇ ಬದಲಿಸಬಹುದಾದರೂ, ಮನೆಯಲ್ಲಿ ಮಾಡುವವರಿಗೆ ಇಡೀ ಶಾಫ್ಟನ್ನೇ ಬದಲಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಗೇರ್‌ಬಾಕ್ಸು ಕಾರಿನ ನಟ್ಟನಡುವೆ ಕೂತಿರುವುದಿಲ್ಲವಾದ್ದರಿಂದ ಎಡ ಬಲದ ಶಾಫ್ಟುಗಳ ಉದ್ದ ಬೇರೆ ಬೇರೆ. ಅಂಗಡಿಯಲ್ಲಿ ಯಾವ ಕಡೆಯದೆಂದು ಹೇಳಿಯೇ ಕೊಳ್ಳಬೇಕು.

ನಿಜವಾದ ಜಗಳ ಚಕ್ರ ಕೂರುವ ಹಬ್ಬಿನ ನಡುವಿನ ದೊಡ್ಡ ನಟ್ಟಿನ ವಿಷಯದಲ್ಲಿ ಹುಟ್ಟಿತು. ಅದರ ಅಂಚನ್ನು ಶಾಫ್ಟಿನ ಕಚ್ಚಿನೊಳಕ್ಕೆ ಬಡಿದು ಬಗ್ಗಿಸಿರುತ್ತಾರೆ. ಮೊದಲು ಅದನ್ನು ಉಳಿಯಿಂದ ಮೇಲೆಬ್ಬಿಸಿ, ಚಕ್ರ ಇನ್ನೂ ನೆಲದ ಮೇಲಿರುವಾಗಲೇ ನಟ್ಟನ್ನು ಸಡಿಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದಿದ್ದೇನಲ್ಲ ಎಂದು ಬೆಳೆಗಾರರು ಧೈರ್ಯ ಹೇಳಿದಾಗ, ಅದು ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ, ನಟ್ಟು ಇರುವುದು ಮುಂದೆ, ಆದ್ದರಿಂದ ತಾವು ಒಳಗೆ ಕುಳಿತು ಕಾಲಿನ ಬ್ರೇಕನ್ನು ತುಳಿಯುವ ಕೃಪೆ ಮಾಡಬೇಕು ಎಂದು ಸುಬೇದಾರರು ವಿನಯದಿಂದಲೇ ಗದರಿಸಿದರು. ಸ್ಪ್ಯಾನರಿನ ಹಿಡಿಗೆ ಒಂದು ಮೀಟರ್ ಉದ್ದದ ಕಬ್ಬಿಣದ ಪೈಪು ತೊಡಿಸಿ, ಅದರ ತುದಿಗೆ ಮಾಸ್ತರರು ಜೋತುಬಿದ್ದ ಮೇಲೆಯೇ ನಟ್ಟು ‘ಕಿರ್’ ಎಂದು ಬಾಯಿಬಿಟ್ಟದ್ದು.

ಈ ಯಶಸ್ಸಿನಿಂದ ಉಬ್ಬಿದ ಮಾಸ್ತರರು, ಬಿಗಿಯುವಾಗಲೂ ತಾವೇ ಜೋತುಬೀಳುವುದಾಗಿ ಘೋಷಿಸಿದರು. ಆಗ ಅವರಿಂದಲೇ ಲೆಕ್ಕ ಮಾಡಿಸಬೇಕಾಯಿತು. ಈ ಕಾರಿನ ಕೈಪಿಡಿ ಹೇಳುವ ಬಿಗಿ 175 ನ್ಯೂಟನ್ ಮೀಟರ್. ಎಂದರೆ ಒಂದು ಮೀಟರ್ ಪೈಪಿನ ತುದಿಯಲ್ಲಿ ಸುಮಾರು 18 ಕಿಲೋ. ಮಾಸ್ತರರ ತೂಕ ಎಪ್ಪತ್ತರ ಆಸುಪಾಸು, ಅಂದರೆ ಬೇಕಾದದ್ದರ ನಾಲ್ಕು ಪಟ್ಟು. ಅಷ್ಟು ಬಿಗಿದರೆ ನಟ್ಟಿನೊಳಗಿನ ಸುರುಳಿ ಮರೆಯೋ ಬೇರಿಂಗೋ ಹಾಳಾಗುವುದು ಖಂಡಿತ. ಐವತ್ತು ಕಿಲೋ ಕಾಫಿ ಚೀಲವನ್ನೂ ಅಲ್ಲಿ ನೇತುಹಾಕುವಂತಿಲ್ಲವೆಂದಾಗ ಬೆಳೆಗಾರರು ಬಿಗಿಯನ್ನು ಅಳೆದು ಹೇಳುವ ಟಾರ್ಕ್ ರೆಂಚ್ ಎರವಲು ತರಲು ಒಪ್ಪಿದರು. ಹೊಸ ನಟ್ಟನ್ನೇ ಹಾಕಬೇಕೆಂದೂ ಆಗಲೇ ನಿರ್ಧಾರವಾಯಿತು.

ಜಾಕಿನ ಜೊತೆಗೆ ಸಿಮೆಂಟ್ ಇಟ್ಟಿಗೆಗಳನ್ನು ಒಟ್ಟಿಡೋಣವೆಂಬ ಸಲಹೆಯೂ ಬಂತು. ಭಾರ ಬಿದ್ದಾಗ ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ, ಉಕ್ಕಿನ ಸ್ಟ್ಯಾಂಡ್ ಇಲ್ಲದೆ ಕಾರಿನಡಿ ಒಂದು ಬೆರಳನ್ನೂ ಹಾಕುವುದಿಲ್ಲ ಎಂದು ಸುಬೇದಾರರು ಕೈಕಟ್ಟಿ ನಿಂತರು. ಈ ಒಂದು ವಿಷಯದಲ್ಲಿ ನಗುವುದಕ್ಕೆ ಏನೂ ಇರಲಿಲ್ಲ, ಸ್ಟ್ಯಾಂಡ್ ಬಂತು.

ಸೇನೆಯ ಲಾರಿಗಳಲ್ಲಿ ಹಬ್ಬಿನ ಬೋಲ್ಟುಗಳನ್ನು ಬಿಚ್ಚಿ, ಚಕ್ರವನ್ನು ಮುಟ್ಟದೆಯೇ ಹಿಂದಿನ ಆಕ್ಸಲ್ ಶಾಫ್ಟನ್ನು ಖಡ್ಗ ಹಿರಿದಂತೆ ಎಳೆಯುತ್ತಿದ್ದೆವು ಎಂದು ಸುಬೇದಾರರು ಮುಂದುವರಿಸಿದರು. ಅಲ್ಲಿ ಭಾರ ಹೊರುವುದು ಆಕ್ಸಲಿನ ಹೊರಕವಚ, ಶಾಫ್ಟಿಗೆ ತಿರುಗಿಸುವುದಷ್ಟೇ ಕೆಲಸ. ಈ ಕಾರಿನಲ್ಲಾದರೋ ಶಾಫ್ಟೂ ನಟ್ಟೂ ಸೇರಿ ಬೇರಿಂಗನ್ನು ಹಿಡಿದಿಡುವುದರಿಂದ, ಶಾಫ್ಟ್ ತೆಗೆದ ಕಾರನ್ನು ನೆಲಕ್ಕಿಳಿಸಿ ತಳ್ಳಬಾರದು. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ವಾಲಿಸಿ, ಒಳತುದಿಯನ್ನು ಸನ್ನೆಕೋಲಿನಿಂದ ಮೀಟಿದಾಗ ಶಾಫ್ಟ್ ಹೊರಬಂತು. ಗೇರ್ ಆಯಿಲನ್ನು ಮೊದಲೇ ಬಸಿದಿದ್ದುದರಿಂದ ಕಣಕ್ಕೆ ಅಭಿಷೇಕವಾಗಲಿಲ್ಲ. ಹೊಸದನ್ನು ಕೂರಿಸುವಾಗ ಶಾಫ್ಟಿನ ತುದಿಯ ಹಲ್ಲುಗಳು ಆಯಿಲ್ ಸೀಲಿನ ತುಟಿಯನ್ನು ಗೀರದಂತೆ ಸುಬೇದಾರರು ಉಸಿರು ಹಿಡಿದು ನೇರವಾಗಿ ತಳ್ಳಿದರು. ಒಳಗಿನ ಸರ್ಕ್ಲಿಪ್ ಎಂಬ ತಡೆಬಳೆ ‘ಟಕ್’ ಎಂದು ಕಚ್ಚಿಕೊಂಡಿತು.

ಉಳಿದದ್ದು ಹಳೆಯ ಶಾಫ್ಟಿನ ಹಕ್ಕಿನ ಪ್ರಶ್ನೆ. ಅಂಗಡಿಯವನು ಹಳೆಯದನ್ನು ಪಡೆದು ಬೆಲೆ ಇಳಿಸುತ್ತಾನೆಂದು ಬೆಳೆಗಾರರು ಹೇಳಿದರೆ, ಒಳ್ಳೆಯ ಉಕ್ಕು, ಕುಲುಮೆಗೆ ಕೊಟ್ಟರೆ ಕಾಫಿ ಗುಂಡಿ ತೋಡುವ ಹಾರೆಯಾಗುತ್ತದೆ ಎಂದು ಸುಬೇದಾರರು ಅದನ್ನು ಹೆಗಲಿಗೇರಿಸಿಕೊಂಡರು. ಜೋತುಬಿದ್ದ ಕೂಲಿಗೆ ಅರ್ಧ ಶಾಫ್ಟ್ ತಮ್ಮದೆಂದು ಮಾಸ್ತರರು ಇನ್ನೂ ವಾದಿಸುತ್ತಿದ್ದಾರೆ.