ಸಂಜೆ ಹೊತ್ತಿಗೆ ಅವ್ವನ ಪಾದ ಊದುತ್ತದೆ, ಯಾಕೆ?

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಅವ್ವನಿಗೆ 62 ವರ್ಷ. ದಿನವೆಲ್ಲ ಅಂಗಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಸಂಜೆಗೆ ಎರಡೂ ಪಾದ ಊದಿ ಕಾಲುಂಗುರ ಬಿಗಿಯಾಗುತ್ತದೆ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಎರಡು ತಿಂಗಳಿಂದ ಬಿಪಿಗೆ ಅಮ್ಲೋಡಿಪಿನ್ ತಗೊಳ್ತಿದ್ದಾರೆ. ಪಕ್ಕದ ಮನೆಯವರು ನೀರು ಕುಡಿಯೋದು ಬಿಡಿಸಿ ಅಂತಾರೆ. ಬಿಡಿಸಬೇಕಾ?

ಉತ್ತರ 1
ಸುಮ್ನೆ ನೀರು ಬಿಡಿಸಬೇಡಿ. ನಾನು ಮೈಸೂರಿನಲ್ಲಿ 20 ವರ್ಷ ನರ್ಸ್ ಆಗಿದ್ದವಳು. ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಿ ಚರ್ಮದಡಿ ನಿಂತರೆ ಹೀಗೆ ಗುಳಿ ಬೀಳುತ್ತದೆ. ಅಮ್ಲೋಡಿಪಿನ್‌ನಿಂದಲೂ ಪಾದ ಊದುವುದುಂಟು. ಆದರೆ ನೀವೇ ಮಾತ್ರೆ ನಿಲ್ಲಿಸಬೇಡಿ, ಬಿಪಿ ಏರಿಬಿಡುತ್ತದೆ. ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ. ಹೃದಯ, ಕಿಡ್ನಿ, ಲಿವರ್ ಕೂಡ ನೋಡಿಸಲೇಬೇಕು. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ! ಮಲಗುವಾಗ ಕಾಲಡಿ ದಿಂಬು ಇಡಿ.

ಉತ್ತರ 2
ನಮ್ಮಪ್ಪನಿಗೆ ಬೆಳಗ್ಗೆ ಕಣ್ಣ ಸುತ್ತ ಊದುತ್ತಿತ್ತು, ಮೂತ್ರದಲ್ಲಿ ನೊರೆ. ನಿದ್ದೆ ಜಾಸ್ತಿಯಾಯ್ತು ಅಂದುಕೊಂಡೆವು. ಪರೀಕ್ಷೆಯಲ್ಲಿ ಪ್ರೋಟೀನ್ ಸೋರಿಕೆ ಸಿಕ್ಕಿತು, ಕಿಡ್ನಿ ತೊಂದರೆ. ದಯವಿಟ್ಟು ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಎರಡೂ ಮಾಡಿಸಿ.

ಉತ್ತರ 1
ಒಂದು ಮಾತು ಬಿಟ್ಟೆ. ಒಂದೇ ಕಾಲು ಊದಿ ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಹಾಗಾದರೆ, ಇಲ್ಲವೇ ಮಲಗಿದಾಗ ಉಸಿರು ಕಟ್ಟಿದರೆ, ಬೆಳಗಾಗುವವರೆಗೆ ಕಾಯಬೇಡಿ.

ಪ್ರಶ್ನೆ ಕೇಳಿದವರು
ಅವ್ವನ ಎರಡೂ ಕಾಲು ಒಂದೇ ಸಮ ಊದಿವೆ ಅಕ್ಕ, ಉಸಿರಾಟ ಸರಿ ಇದೆ. ನಾಳೆ ಬೆಳಗ್ಗೆಯೇ ಮಾತ್ರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗುತ್ತೇವೆ.