ತಲೆ ಆಪರೇಷನ್ ಆದ ಅಪ್ಪನಿಗೆ ಶುಗರ್ 170. ಇಷ್ಟೇ ಸಾಕು ಅಂತಾರೆ, ಹೌದಾ?

ತೋಟದಮನೆ, ತೀರ್ಥಹಳ್ಳಿ
ಅಪ್ಪನಿಗೆ ಮಿದುಳಿನ ಗಡ್ಡೆ ತೆಗೆದಿದ್ದಾರೆ. ಶಿವಮೊಗ್ಗದಲ್ಲಿ ಐಸಿಯುನಲ್ಲಿದ್ದಾರೆ, ಇನ್ನೂ ವೆಂಟಿಲೇಟರ್ ಮೇಲೆ. ಮೊದಲು ಸಕ್ಕರೆ ಕಾಯಿಲೆ ಇರಲಿಲ್ಲ. ಈಗ 230 ಇತ್ತು, ಇನ್ಸುಲಿನ್ ಹಾಕಿ 170ಕ್ಕೆ ತಂದು ಅಲ್ಲೇ ಬಿಟ್ಟಿದ್ದಾರೆ. 110ಕ್ಕೆ ಇಳಿಸಿ ಅಂದರೆ ಬೇಡ ಅಂತಾರೆ. ಇಲ್ಲಿ ಕೊನೆಕೊಯ್ಲು ಬೇರೆ, ಬಸ್ಸಲ್ಲಿ ಓಡಾಡಿ ತಲೆ ಕೆಟ್ಟಿದೆ. ಯಾರಿಗಾದರೂ ಗೊತ್ತಾ?

ಸಾಗರದವ
ಶುಗರ್ ಜಾಸ್ತಿ ಇದ್ದರೆ ಗಾಯ ಮಾಯೋದಿಲ್ಲ. ಸ್ವಲ್ಪ ಜೋರು ಮಾಡಿ ಕೇಳಿ. ಮೂಗಿನ ಟ್ಯೂಬಲ್ಲಿ ಮೆಂತ್ಯದ ನೀರು ಕೊಡಬಹುದಾ ನೋಡಿ.

ನೈಟ್ ಡ್ಯೂಟಿ ಸಿಸ್ಟರ್
ಜೋರು ಮಾಡಬೇಡಿ ಮಾರಾಯ್ರೆ. ಮೆಂತ್ಯದ ನೀರಂತೂ ಬೇಡವೇ ಬೇಡ, ಟ್ಯೂಬ್ ಕಟ್ಟಿಕೊಂಡರೆ ಹೊಸದು ಹಾಕಬೇಕು.

ನಾನು ನ್ಯೂರೋ ಐಸಿಯುನಲ್ಲಿ ಕೆಲಸ ಮಾಡುವವಳು. ಆಪರೇಷನ್ನಿನ ಒತ್ತಡಕ್ಕೇ ಶುಗರ್ ಏರುತ್ತದೆ. ಊತ ಇಳಿಯಲಿ ಅಂತ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಮದ್ದು ಕೊಡುತ್ತಿದ್ದರೆ ಇನ್ನೂ ಏರುತ್ತದೆ. 2001ರಲ್ಲಿ ಬೆಲ್ಜಿಯಂನಿಂದ ಒಂದು ಅಧ್ಯಯನ ಬಂತು: 80-110ರಲ್ಲಿ ಇಟ್ಟರೆ ಸಾವು ಕಡಿಮೆ ಅಂತ. ಎಷ್ಟೋ ಕಡೆ ಅದನ್ನೇ ಹಿಡಿದುಕೊಂಡರು. 2009ರ ನೈಸ್-ಶುಗರ್ ಅಧ್ಯಯನದಲ್ಲಿ ಉಲ್ಟಾ ಆಯಿತು. ಐಸಿಯುನ ಆರು ಸಾವಿರಕ್ಕೂ ಹೆಚ್ಚು ರೋಗಿಗಳು. ಬಿಗಿಯಾಗಿ ಇಳಿಸಿದವರಲ್ಲಿ 27.5% ಜನ 90 ದಿನದೊಳಗೆ ತೀರಿಕೊಂಡರು, 180ರೊಳಗೆ ಇಟ್ಟವರಲ್ಲಿ 24.9%. ಈಗ ಸಾಮಾನ್ಯವಾಗಿ 140-180 ಸಾಕು ಅಂತಾರೆ. ಸಾಗರದವರು ಹೇಳಿದ್ದು ಸುಳ್ಳಲ್ಲ, 180 ದಾಟಿ ಏರುತ್ತಾ ಹೋದರೆ ಸೋಂಕಿನ ಭಯ ಇದ್ದೇ ಇದೆ. ಆದರೆ ಮಿದುಳು ಸಕ್ಕರೆ ಕೂಡಿಟ್ಟುಕೊಳ್ಳುವುದಿಲ್ಲ, ರಕ್ತದಿಂದ ಬರುತ್ತಲೇ ಇರಬೇಕು. ಬಿಗಿಯಾಗಿ ಇಳಿಸಲು ಹೋಗಿ ಶುಗರ್ ತೀರಾ ಇಳಿದರೆ ಮಿದುಳಿಗೇ ಪೆಟ್ಟು.

ನಮಗೆ ಶುಗರ್ ಇಳಿದರೆ ಬೆವರುತ್ತೇವೆ, ಕೈ ನಡುಗುತ್ತದೆ, ಸಂಕಟ ಅಂತ ಹೇಳುತ್ತೇವೆ. ಮದ್ದು ಕೊಟ್ಟು ಮಲಗಿಸಿದವರು ಹೇಳುವುದು ಹೇಗೆ? ಅದಕ್ಕೇ ಇನ್ಸುಲಿನ್ ಪಂಪ್ ಓಡುವಾಗ ಗಂಟೆಗೊಮ್ಮೆ ನೋಡುತ್ತೇವೆ. ಕೈ ಊದಿದ್ದರೆ ಬೆರಳು ಚುಚ್ಚಿದ ಲೆಕ್ಕ ನಂಬುವ ಹಾಗಿಲ್ಲ, ಆರ್ಟೀರಿಯಲ್ ಲೈನಿಂದ, ಅಂದರೆ ಅಪಧಮನಿಗೆ ಹಾಕಿದ ಸಣ್ಣ ಕೊಳವೆಯಿಂದ, ರಕ್ತ ತೆಗೆಯುತ್ತೇವೆ. ನಿಜ ಹೇಳಲಾ, 190 ಕಂಡರೆ ನನಗೆ ಭಯ ಇಲ್ಲ. ಸ್ಕ್ಯಾನಿಗೆ ಅಂತ ಟ್ಯೂಬ್ ಫೀಡ್ ನಿಲ್ಲಿಸಿ, ಪಂಪ್ ಮಾತ್ರ ಓಡುತ್ತಾ ಇರುತ್ತದಲ್ಲ, ಅದಕ್ಕೆ ಭಯ.

ತೋಟದಮನೆ, ತೀರ್ಥಹಳ್ಳಿ
ಈಗ ಅರ್ಥ ಆಯಿತು ಸಿಸ್ಟರ್. ಹಾಗಾದರೆ ಶಕ್ತಿಗೆ ಗ್ಲೂಕೋಸ್ ಬಾಟಲಿ ಹಾಕಬಹುದಲ್ವಾ?

ನೈಟ್ ಡ್ಯೂಟಿ ಸಿಸ್ಟರ್
ಸುಮ್ನೆ ಹಾಕುವುದಿಲ್ಲ. ಆ ನೀರಿನಿಂದ ಮಿದುಳಿನ ಊತ ಜಾಸ್ತಿ ಆಗಬಹುದು. ಸಾಮಾನ್ಯವಾಗಿ ಸಲೈನ್ ಹಾಕುತ್ತಾರೆ, ಶಕ್ತಿ ಟ್ಯೂಬ್ ಫೀಡಿಂದ ಹೋಗುತ್ತದೆ. ಶುಗರ್ ತೀರಾ ಇಳಿದರೆ ಮಾತ್ರ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್. ನಾಳೆ ರೌಂಡ್ಸಿಗೆ ಡಾಕ್ಟರ್ ಬಂದಾಗ ಪೊಟ್ಯಾಸಿಯಂ ಎಷ್ಟಿದೆ ಕೇಳಿ, ಇನ್ಸುಲಿನ್ ಓಡುವಾಗ ಅದೂ ಇಳಿಯುತ್ತದೆ. ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿದ್ದಾರಾ ಅಂತಲೂ ಕೇಳಿ. ಅಪ್ಪನಿಗೆ ಮೊದಲೇ ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಇತ್ತಾ ಅನ್ನೋದು ಅದರಲ್ಲಿ ತಿಳಿಯುತ್ತದೆ.