40 ಗಂಟೆಯ ಹ್ಯಾಜ್‌ವೋಪರ್ ತರಬೇತಿ ಆನ್‌ಲೈನಲ್ಲಿ ಮಾಡಿದರೆ ಸಾಕಾ?

ಕಾವೇರಿ_ದಡ:
ನ್ಯೂಜೆರ್ಸಿಯಲ್ಲಿ ಎಂ.ಎಸ್. ಮುಗೀತು, ಒಂದು ಕನ್ಸಲ್ಟೆನ್ಸಿಯಲ್ಲಿ ಕೆಲಸ ಸಿಕ್ಕಿದೆ. ಹಳೇ ಕೆಮಿಕಲ್ ಫ್ಯಾಕ್ಟರಿ ಇದ್ದ ಜಾಗ, ಕ್ಲೀನಪ್ ನಡೆಯುತ್ತಿದೆ. ನಾನು ಮಣ್ಣಿನ ಸ್ಯಾಂಪಲ್ ತೆಗೆಯಬೇಕು. ಸೇರುವ ಮೊದಲು 40 ಗಂಟೆಯ ಹ್ಯಾಜ್‌ವೋಪರ್ ಸರ್ಟಿಫಿಕೇಟ್ ಬೇಕಂತೆ, ಅಂದರೆ ಅಪಾಯಕಾರಿ ತ್ಯಾಜ್ಯದ ಜಾಗದಲ್ಲಿ ಕೆಲಸ ಮಾಡುವವರ ಸುರಕ್ಷತಾ ತರಬೇತಿಯದ್ದು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ, ವಿಡಿಯೊ ಓಡಿಸಿಟ್ಟು ಅಡುಗೆ ಮಾಡ್ಕೋ ಅಂತಾನೆ ರೂಮ್‌ಮೇಟ್. 24 ಗಂಟೆಯದ್ದೂ ಒಂದಿದೆಯಲ್ಲ, ಅದು ಯಾರಿಗೆ? ಇನ್ನೊಂದು, ನಗಬೇಡಿ, ಗಡ್ಡ ತೆಗೆಯಲೇಬೇಕಾ?

ಡ್ರಮ್_ಮಾಮ:
ಗಡ್ಡದಿಂದಲೇ ಶುರು ಮಾಡೋಣ. ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ (ಉಸಿರಾಟದ ಮಾಸ್ಕ್) ಹಾಕುವುದಾದರೆ ತೆಗೆಯಲೇಬೇಕು, ಅಂಚಿನಲ್ಲಿ ಕೂದಲಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಮಾಸ್ಕ್ ಸರಿಯಾಗಿ ಕೂರುತ್ತಾ ಅಂತ ನೋಡುವ ಫಿಟ್ ಟೆಸ್ಟ್ ವರ್ಷಕ್ಕೊಮ್ಮೆ ಇರುತ್ತದೆ, ಗಡ್ಡ ಇದ್ದರೆ ಆ ಟೆಸ್ಟೇ ಮಾಡುವುದಿಲ್ಲ. ತಲೆ ಮೇಲೆ ಸಡಿಲವಾಗಿ ಕೂರುವ, ಬ್ಯಾಟರಿ ಫ್ಯಾನ್ ಇರುವ ಹುಡ್ ಕೊಡುತ್ತಾರಾ ಅಂತ ಕೇಳಿ ನೋಡಿ, ಅದಕ್ಕೆ ಗಡ್ಡ ಅಡ್ಡಿ ಇಲ್ಲ.

24 ಗಂಟೆಯದ್ದು ಯಾವಾಗಲೋ ಒಮ್ಮೆ ಸೈಟಿಗೆ ಬಂದು ಒಂದು ಸಣ್ಣ ಕೆಲಸ ಮಾಡಿ ಹೋಗುವವರಿಗೆ. ವಿಷದ ಪ್ರಮಾಣ ಮಿತಿ ದಾಟುವ ಜಾಗವಾದರೆ ಅದು ಸಾಲದು. ನಿಮಗೆ 40 ಬೇಕು, ಅದರ ಮೇಲೆ ಅನುಭವಿ ಸೂಪರ್‌ವೈಸರ್ ಜೊತೆ 3 ದಿನ ಸೈಟಿನಲ್ಲಿ ನಿಂತು ಕಲಿಯಬೇಕು. ಈ 3 ದಿನ ಲ್ಯಾಪ್‌ಟಾಪಿನಲ್ಲಿ ಆಗುವುದಿಲ್ಲ. ಪಾಠ ಆನ್‌ಲೈನಲ್ಲಿ ಕೇಳಿದರೂ ಸೂಟು, ಮಾಸ್ಕು ಕೈಯಲ್ಲಿ ಹಿಡಿದು ಹಾಕಿ ತೆಗೆದು ಅಭ್ಯಾಸ ಆಗಲೇಬೇಕು, ಬರೀ ವಿಡಿಯೊ ಸಾಲದು ಅಂತ ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ಓಶಾನೇ ಹೇಳಿದೆ. ಆಮೇಲೆ ಪ್ರತಿ ವರ್ಷ 8 ಗಂಟೆ ರಿಫ್ರೆಶರ್. ದುಡ್ಡು ಕಟ್ಟುವ ಮುಂಚೆ ಕಂಪನಿಯನ್ನೇ ಕೇಳಿ, ಎಷ್ಟೋ ಕಡೆ ಅವರೇ ಕೊಡಿಸುತ್ತಾರೆ.

ಬಿಸಿಲು_ಮಳೆ:
ರೂಮ್‌ಮೇಟ್ ಮಾತು ಕೇಳಬೇಡಿ ಗುರು. ನಾನೂ ಹಾಗೇ ನಿದ್ದೆಗಣ್ಣಲ್ಲಿ ಮುಗಿಸಿದವಳು. ಮೊದಲ ದಿನ ಹಾಟ್ ಝೋನಿನಿಂದ, ಅಂದರೆ ವಿಷ ಇರುವ ಜಾಗದಿಂದ, ಹೊರಗೆ ಬರುವಾಗ, ಸೆಕೆಗೆ ತಡೆಯಲಾರದೆ ಒಳಗಿನ ಗ್ಲವ್ಸನ್ನೇ ಮೊದಲು ಕಿತ್ತು ಬರಿಗೈಯಲ್ಲಿ ಸೂಟಿನ ಜಿಪ್ ಹಿಡಿದೆ. ಸೂಪರ್‌ವೈಸರ್ ಅರಚಿದ್ದು ಈಗಲೂ ಕಿವಿಯಲ್ಲಿದೆ. ಒಳಗಿನ ಗ್ಲವ್ಸ್ ಕೊನೆಗೆ, ಯಾವಾಗಲೂ ಕೊನೆಗೆ. ನಮ್ಮ ಅಜ್ಜಿಯ ಮಡಿ ನೆನಪಿದ್ದರೆ ಡೀಕಾನ್ (ಮೈಗೆ, ಸೂಟಿಗೆ ಅಂಟಿದ ವಿಷ ತೆಗೆಯುವ ಕ್ರಮ) ಬೇಗ ಅರ್ಥ ಆಗುತ್ತದೆ, ಯಾವುದು ಯಾವುದನ್ನ ಮುಟ್ಟಿತು ಅನ್ನುವುದೇ ಎಲ್ಲ ಇಲ್ಲಿ.

ಮೂಗನ್ನೂ ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ತರಹ ನಾರುತ್ತದೆ, ಜಾಸ್ತಿ ಆದರೆ ಮೂಗೇ ಸತ್ತುಹೋಗಿ ಏನೂ ಗೊತ್ತಾಗಲ್ಲ. ಕಾರ್ಟ್ರಿಡ್ಜ್ ಮಾಸ್ಕ್ ಗಾಳಿ ಸೋಸುತ್ತದೆ ಅಷ್ಟೇ, ಆಮ್ಲಜನಕ ತಯಾರಿಸಲ್ಲ. ಮೀಟರ್ ಆಮ್ಲಜನಕ 19.5%ಗಿಂತ ಕೆಳಗೆ ತೋರಿಸಿದರೆ ಆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ.

ತುಮಕೂರು_ರಸ್ತೆ:
ಇದನ್ನೆಲ್ಲ ಓದಿ ಹೊಟ್ಟೆ ಉರಿಯಿತು. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲೂ ಕೆಲಸಗಾರರಿಗೆ ತಕ್ಕ ತರಬೇತಿ, ಸಲಕರಣೆ, ಮಾಹಿತಿ ಕೊಡಬೇಕು ಅಂತಿದೆ. ಆದರೆ ಎಷ್ಟು ಗಂಟೆ ಅಂತ ಇಲ್ಲ. ನಾನು ಹಿಂದೆ ಇದ್ದ ಕಡೆ ‘ತಕ್ಕ’ ಅಂದರೆ ಟೀ ಕುಡಿಯುವಷ್ಟು ಹೊತ್ತು, ಆಮೇಲೆ ರಿಜಿಸ್ಟರಿನಲ್ಲಿ ಒಂದು ಸಹಿ.

ಕಾವೇರಿ_ದಡ:
ಎಲ್ಲರಿಗೂ ಥ್ಯಾಂಕ್ಸ್. ಎಚ್‌ಆರ್‌ಗೆ ಮೇಲ್ ಮಾಡಿದೆ, ಕಂಪನಿನೇ ಕಳಿಸುತ್ತದಂತೆ, ಕೊನೆ ದಿನ ಸೂಟ್ ಹಾಕಿಸಿ ಅಭ್ಯಾಸವಂತೆ. ಹುಡ್ ಇಲ್ಲವಂತೆ. ಗಡ್ಡ ಭಾನುವಾರ ಹೋಗುತ್ತದೆ, ಅಮ್ಮನಿಗೆ ಖುಷಿಯೋ ಖುಷಿ.